ಶಿವರಾಮಯ್ಯನವರ ಬೋರ್ಡು

ತುಮಕೂರಿನ ತಂತಿ ಕಚೇರಿಯಿಂದ ಎಪ್ಪತ್ತೊಂಬತ್ತನೇ ಇಸವಿಯಲ್ಲಿ ರಿಟೈರಾಗಿ ಕಡಬಕ್ಕೆ ಮರಳಿದ ಶಿವರಾಮಯ್ಯನವರು ಒಂದು ಟ್ರಂಕಿನ ಜೊತೆ ಇಡೀ ಭಾರತ ಸರ್ಕಾರವನ್ನೂ ಹೊತ್ತು ತಂದಿದ್ದರು. ಸರ್ಕಾರವೇನೋ ಪಿಂಚಣಿ ಕೊಟ್ಟು ಕೈತೊಳೆದುಕೊಂಡಿತ್ತು, ಇವರು ಬಿಡಬೇಕಲ್ಲ! ಗುಬ್ಬಿಯ ಹೋಟೆಲಿಗೆ ಹೋದರೆ ಮೊದಲು ರೇಡಿಯೋ ಲೈಸೆನ್ಸ್ ಕೇಳಿ ಆಮೇಲೆ ಕಾಫಿ ಕೇಳುವರು. ಭಜನಾ ಮಂಡಳಿಯವರಿಗೆ ಮೈಕಿನ ಪರವಾನಗಿ ತಾವೇ ಓಡಾಡಿ ಕೊಡಿಸುವರು. ಕರಪತ್ರದಲ್ಲಿ ಪ್ರೆಸ್ಸಿನ ಹೆಸರಿಲ್ಲದಿದ್ದರೆ ದೇವರ ಹೆಸರಿದ್ದೂ ಪ್ರಯೋಜನವಿಲ್ಲ ಎನ್ನುವರು. ಈ ಸೇವೆಗೆ ಫೀಸಿರಲಿಲ್ಲ. ಬೇಕೆಂದು ಕೇಳಿದವರೂ ಇರಲಿಲ್ಲ.

ಅಷ್ಟರಲ್ಲಿ ಕಡಬದ ಸೊಸೈಟಿಗೆ ಫೋನು ಬಂತು. ಊರಿಗೆಲ್ಲ ಅದೊಂದೇ. ಬೇರೆ ಊರಿನಿಂದ ಟ್ರಂಕ್ ಕಾಲ್ ಬಂದರೆ ಫೋನು ಹಿಡಿದವನು ಕೂಗಿ ಹೇಳುವನು, ಬಾಗಿಲಲ್ಲಿದ್ದವನು ಅದನ್ನು ಬೀದಿಗೆ ದಾಟಿಸುವನು. ರಿಸೀವರ್ ಕೆಳಗಿಡುವ ಮೊದಲೇ ಸುದ್ದಿ ಸಂಬಂಧಪಟ್ಟ ಮನೆಯ ಒಲೆ ಮುಂದೆ ಕೂತಿರುತ್ತಿತ್ತು.

ಶಿವರಾಮಯ್ಯನವರಿಗೆ ಮೈಯೆಲ್ಲ ಉರಿಯಿತು. ಟೆಲಿಗ್ರಾಫ್ ಕಾನೂನು ತನ್ನ ಇಲಾಖೆಯ ನೌಕರರಿಗಷ್ಟೇ ಹೇಳಿದ್ದನ್ನು ಇವರು ಊರಿಗೆಲ್ಲ ಹಚ್ಚಿ, ದಪ್ಪ ಅಕ್ಷರದಲ್ಲಿ ಬೋರ್ಡು ಬರೆದು ಸೊಸೈಟಿಯಲ್ಲಿ ನೇತುಹಾಕಿದರು: ‘ಪರರ ಕರೆ ಕೇಳಕೂಡದು. ಕರೆಯ ವಿಷಯವನ್ನು ಕರೆ ಬಂದವರಿಗಲ್ಲದೆ ಅನ್ಯರಿಗೆ ತಿಳಿಸಕೂಡದು.’ ಸಾಲದೆಂದು ಸೆಕ್ರೆಟರಿ ಚೌಡಪ್ಪನಿಂದ ಕೆರೆ ಏರಿಯ ದೇವರ ಮೇಲೆ ಆಣೆ ಹಾಕಿಸಿದರು.

ಅವರು ತುಮಕೂರಿನ ತಂಗಿಯ ಮನೆಗೆ ಹೋಗಿದ್ದ ದಿನವೇ ಕುಣಿಗಲ್ಲಿನಿಂದ ಫೋನು ಬಂತು. ಮಗಳು ಉಮಾಮಹೇಶ್ವರಿಗೆ ನೋಡಿದ್ದ ಮೇಷ್ಟ್ರ ಸಂಬಂಧ. ನಾಳೆ ಹೆಣ್ಣು ನೋಡಲು ಬರುತ್ತೇವೆ ಎಂದರು. ಹೆಂಡತಿ ವನಜಮ್ಮ ಬೀದಿಯಲ್ಲೇ ಚೌಡಪ್ಪನನ್ನು ತಡೆದರು.

“ನಮ್ಮನೆಗೆ ಫೋನ್ ಬಂದಿತ್ತಂತಲ್ಲೋ?”

“ಬಂದಿತ್ತು ಕಣಕ್ಕ. ಅಣ್ಣೋರ್ಗೆ ಬಂದಿದ್ದು. ಹೇಳಂಗಿಲ್ಲ, ಆಣೆ ಇದೆ.”

ಮರುದಿನ ಗಂಡಿನ ಕಡೆಯವರು ಬಂದಾಗ ಉಮಾ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಮನೆಯಲ್ಲಿ ಸಕ್ಕರೆಯಿರಲಿಲ್ಲ, ಯಜಮಾನರೂ ಇರಲಿಲ್ಲ. ಬಂದವರು ನೀರು ಕುಡಿದು ಎದ್ದುಹೋದರು.

ಸಂಜೆ ಊರಿಗಿಳಿದ ಶಿವರಾಮಯ್ಯನವರು ಸೊಸೈಟಿಗೆ ನುಗ್ಗಿದರು. “ಏನ್ಲಾ, ಮನೆ ಹೆಂಗಸ್ರಿಗೂ ಹೇಳಬಾರ್ದೇನ್ಲಾ?”

ಚೌಡಪ್ಪ ಬೋರ್ಡು ತೋರಿಸಿದ. “ನೀವೇ ಬರ್ದಿರೋದು ಅಣ್ಣ. ಹೆಂಗಸ್ರನ್ನ ಬುಟ್ಟಿಲ್ಲ ಇದ್ರಲ್ಲಿ.”

ನಾಲ್ಕಾರು ದಿನ ಕಳೆದು ಕುಣಿಗಲ್ಲಿನಿಂದ ಉತ್ತರ ಹೇಳಲು ಫೋನು ಬಂತು. ಚೌಡಪ್ಪ ಹೇಳಿಕಳಿಸಿದ. ಶಿವರಾಮಯ್ಯನವರು ಓಡಿಬಂದಾಗ ನಿಯಮದಂತೆ ಎಲ್ಲರನ್ನೂ ಹೊರಗಟ್ಟಿ ಬಾಗಿಲು ಹಾಕಿಕೊಟ್ಟ. ಆದರೆ ಲೈನಿನಲ್ಲಿ ಬರೀ ಗೊರಗೊರ. ಗುಟ್ಟಿನ ರಕ್ಷಕರು ಗಂಟಲು ಹರಿಯುವಂತೆ ಕೂಗಬೇಕಾಯಿತು.

“ಏನಂದ್ರಿ? ಒಪ್ಪಿಗೆ ಇಲ್ವಾ?... ಮನೆಗೆ ಬಂದೋರಿಗೆ ಮರ್ಯಾದೆ ಗೊತ್ತಿಲ್ಲ ಅಂದ್ರಾ?... ಹುಡುಗಿ ತಪ್ಪೇನಿಲ್ಲ ಸ್ವಾಮಿ, ತಪ್ಪು ನಂದು! ನಂದು ಅಂದೆ!”

ಹೊರಬಂದರೆ ಅರ್ಧ ಊರು ಜಗಲಿಯ ಮೇಲೆ ನಿಂತಿತ್ತು. ಎಲ್ಲರೂ ತೆಂಗಿನ ಮರದಲ್ಲಿ ಕಾಯಿ ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು.

ಶಿವರಾಮಯ್ಯನವರು ಬೇಕೆಂದೇ ಕೆರೆ ಏರಿಯ ಮೇಲೆ ಸುತ್ತುಹಾಕಿಕೊಂಡು ನಡೆದರು. ಯಾರಾದರೂ ಮುಂಚೆ ಓಡಿ ಸುದ್ದಿಯನ್ನು ಮನೆಗೆ ಮುಟ್ಟಿಸಿರಲಿ ಎಂದು ಆಸೆಪಟ್ಟರು. ಆ ಹೊತ್ತಿನಲ್ಲಿ ಅವರಿಗೆ ಬೇರೇನೂ ಬೇಕಿರಲಿಲ್ಲ.

ವನಜಮ್ಮ ಹೊಸ್ತಿಲಲ್ಲೇ ನಿಂತಿದ್ದರು. “ಏನಂದ್ರಂತೆ?”

ಹಿಂದೆ ಉಮಾ, ಕೈತೊಳೆದು, ಒಳ್ಳೆಯ ಸೀರೆಯುಟ್ಟು ಕಾಯುತ್ತಿದ್ದಳು. ಕಡಬದಲ್ಲಿ ಯಾರೂ ಅವಳಿಗೆ ಏನೂ ಹೇಳಿರಲಿಲ್ಲ.