ತಣ್ಣಗಿನ ಪಾದಕ್ಕೆ ಬಿಸಿ ಉಪ್ಪು

ಐಸಿಯುನಲ್ಲಿ ನರ್ಸ್ ನನ್ನ ಮಣಿಕಟ್ಟನ್ನು ಗಬಕ್ಕನೆ ಹಿಡಿದಳು. ನನ್ನ ಕೈಯಲ್ಲಿ ಏನಿತ್ತು ಗೊತ್ತಾ? ಹುರಿದ ಉಪ್ಪಿನ ಗಂಟು. ಬಿಸಿಬಿಸಿ.

ನಗಬೇಡಿ, ಪೂರ್ತಿ ಕೇಳಿ.

ಎರಡು ತಿಂಗಳ ಹಿಂದಿನ ಮಾತು. ನನ್ನ ಮಗಳು ಸವಿತಾ ಇರುವುದು ಭದ್ರಾವತಿಯ ನ್ಯೂ ಟೌನ್‌ನಲ್ಲಿ. ಅವಳ ಮಗಳು ರಂಜಿತಾಗೆ ಇಪ್ಪತ್ತು ವರ್ಷ. ಮನೆ ಹತ್ತಿರದ ತಿರುವಿನಲ್ಲೇ ಸ್ಕೂಟಿಯಿಂದ ಬಿದ್ದಳು. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಆದರೆ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟು. ಕೈಯೂ ಅಲುಗಲಿಲ್ಲ, ಕಾಲೂ ಅಲುಗಲಿಲ್ಲ. ಶಿವಮೊಗ್ಗದ ಆಸ್ಪತ್ರೆಗೆ ತಂದು ಅದೇ ದಿನ ಆಪರೇಷನ್ ಮಾಡಿದರು. ಮತ್ತೆ ನಡೆಯುತ್ತಾಳಾ ಎಂದು ಕೇಳಿದರೆ ಕಾದು ನೋಡೋಣ ಎಂದರು.

ಮರುದಿನ ಬೆಳಿಗ್ಗೆ ವಿನೋಬನಗರದ ನನ್ನ ಮನೆಯಿಂದ ನೋಡಲು ಓಡಿದೆ. ಒಬ್ಬರೇ, ಐದೇ ನಿಮಿಷ ಎಂದರು. ಮಗು ಮಂಪರಿನ ಮದ್ದಿನಲ್ಲಿ ಮಲಗಿತ್ತು. (ಇಪ್ಪತ್ತಾದರೂ ನನಗೆ ಮಗುವೇ.) ಹೊದಿಕೆ ಮುಟ್ಟಿದೆ. ಹೊದಿಕೆಯೊಳಗೆ ತಣ್ಣೀರು ಹರಿಯುತ್ತಿದೆ! ಪಕ್ಕದಲ್ಲೊಂದು ಮೆಷಿನ್ನು ಗುಂಯ್ ಎನ್ನುತ್ತಾ ನೀರು ತಳ್ಳುತ್ತಿದೆ. ಪಾದ ಮುಟ್ಟಿದರೆ ಬಾವಿಕಟ್ಟೆಯ ಕಲ್ಲು.

ಹೊರಗೆ ಬಂದವಳೇ ಸವಿತಾ ಮೇಲೆ ಹರಿಹಾಯ್ದೆ. "ಏನೇ ಇದು, ಮಗೂನ ಫ್ರಿಜ್ಜಲ್ಲಿ ಇಟ್ಟಿದಾರೆ!"

"ಅದೇ ಟ್ರೀಟ್‌ಮೆಂಟ್ ಅಮ್ಮ. ಎರಡು ದಿನ ಹಾಗೇ ಇಡ್ತಾರೆ. ನಾನೇ ಸೈನ್ ಹಾಕಿದೀನಿ."

"ಸೈನ್ ಹಾಕಿದ್ಯಾ? ನಿನ್ನ ಬಾಣಂತನದಲ್ಲಿ ಫ್ಯಾನ್ ಹಾಕಕ್ಕೂ ಬಿಡದೆ ಕಾಪಾಡಿದವಳು ನಾನು ಕಣೇ!"

"ಅಮ್ಮ, ಇದು ಬಾಣಂತನ ಅಲ್ಲ. ಸುಮ್ನಿರು ಮಾರಾಯ್ತಿ."

ಸುಮ್ಮನಿರುವುದಾ? ಆರು ಬಾಣಂತನ ಮಾಡಿದ ಕೈ ಇದು. ಉಳುಕಿಗೆ ಶಾಖ, ಸೊಂಟಕ್ಕೆ ಶಾಖ, ಮಗುವಿನ ಹೊಟ್ಟೆನೋವಿಗೂ ಶಾಖ. ನಮ್ಮ ಬೀದಿಯಲ್ಲಿ ಯಾರಿಗೆ ನೋವಾದರೂ ನನ್ನ ಬಾಗಿಲಿಗೇ ಬರುತ್ತಾರೆ. ಶೀತ ಎಂದರೆ ನಮಗೆ ಶತ್ರು. ಸಂಜೆ ಕಲ್ಲುಪ್ಪು ಹುರಿದೆ, ಹಳೇ ಪಂಚೆಯಲ್ಲಿ ಗಂಟು ಕಟ್ಟಿದೆ, ಟಿಫನ್ ಕ್ಯಾರಿಯರಿನಲ್ಲಿಟ್ಟು ಆಟೋ ಹತ್ತಿದೆ. ಸೆರಗಿನಡಿ ಬಚ್ಚಿಟ್ಟುಕೊಂಡು ಒಳಗೂ ಹೋದೆ. ಇನ್ನೇನು ಅಂಗಾಲಿಗೆ ಇಡಬೇಕು...

"ಅಜ್ಜಿ! ಅವಳ ಕಾಲಿಗೆ ಸ್ಪರ್ಶ ಇಲ್ಲ. ಸುಟ್ಟು ಬೊಬ್ಬೆ ಎದ್ರೂ ಅವಳಿಗೆ ಗೊತ್ತಾಗಲ್ಲ!"

ಗಂಟನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡೆ. ನಾನು? ನನ್ನ ಕೈಯಾರೆ? ಮಗುವಿನ ಕಾಲು ಸುಡುತ್ತಿದ್ದೆನಾ?

ಡಾಕ್ಟರು ಬಂದರು. ಬೈಯುತ್ತಾರೆ ಎಂದುಕೊಂಡೆ. ಕುರ್ಚಿ ಎಳೆದು ಕೂರಿಸಿ ಹೇಳಿದರು. "ಅಜ್ಜಿ, ಪೆಟ್ಟು ಬಿದ್ದ ಬೆನ್ನುಹುರಿ ಒಳಗೊಳಗೇ ಊದ್ಕೊಳುತ್ತೆ. ಉಳಿದಿರೋದೂ ಹಾಳಾಗುತ್ತೆ. ಮೈ ಸ್ವಲ್ಪ ತಂಪು ಮಾಡಿದ್ರೆ ಆ ಹಾನಿ ನಿಧಾನ ಆಗಬಹುದು ಅಂತ ಲೆಕ್ಕ. ಖಾತ್ರಿ ಏನಿಲ್ಲ. ಎಲ್ಲ ಕಡೆ ಮಾಡಲ್ಲ, ಎಲ್ಲರಿಗೂ ಮಾಡಲ್ಲ. ಇನ್ನೂ ಪರೀಕ್ಷೆ ಮಾಡ್ತಾನೇ ಇದಾರೆ."

"ಹಂಗಾದ್ರೆ ಮನೇಲಿ ಐಸ್ ಇಟ್ರೆ?"

"ಅಯ್ಯೋ, ಬೇಡ! ತಂಪು ಜಾಸ್ತಿಯಾದ್ರೆ ಹೃದಯಕ್ಕೇ ತೊಂದ್ರೆ. ಅದಕ್ಕೇ ಇಷ್ಟೆಲ್ಲ ಮೆಷಿನ್ ಇಟ್ಟು ಕಾಯ್ತಿರೋದು."

ಐದನೇ ದಿನ ಬಲಗಾಲಿನ ಹೆಬ್ಬೆರಳು ಅಲುಗಿತು. ನೋಡಿದವಳು ನಾನೇ! ನರ್ಸನ್ನು ತಬ್ಬಿಕೊಂಡುಬಿಟ್ಟೆ. ಮೊನ್ನೆ ಸೋಮವಾರವಂತೂ ವಾಕರ್ ಹಿಡಿದು ಏಳು ಹೆಜ್ಜೆ! ಬೆರಳಿಗೆ ಇನ್ನೂ ಗುಂಡಿ ಹಾಕಲು ಬರುವುದಿಲ್ಲ. ಬಾಯಿಗೆ ಮಾತ್ರ ಏನೂ ಆಗಿಲ್ಲ. "ಅಜ್ಜಿ, ಎದುರಿಗೆ ನಿಂತು ಅಳ್ಬೇಡ, ನಂಗೆ ಬ್ಯಾಲೆನ್ಸ್ ತಪ್ಪುತ್ತೆ" ಎಂದು ಗದರಿದಳು. ಅಳುವುದಾ, ಕುಣಿಯುವುದಾ? ಎರಡೂ ಮಾಡಿದೆ.

ಡಾಕ್ಟರಿಗೆ ಕೈಮುಗಿದು ಕೇಳಿದೆ. "ತಂಪಿಂದಾನೇ ಅಲ್ವಾ ಸ್ವಾಮಿ?"

"ಗೊತ್ತಿಲ್ಲ ಅಜ್ಜಿ. ಆಪರೇಷನ್ ಬೇಗ ಆಯ್ತು, ಅದರಿಂದ ಇರಬಹುದು. ವಯಸ್ಸು ಚಿಕ್ಕದು. ತಂಪೂ ಇರಬಹುದು. ಒಬ್ಬಳನ್ನ ನೋಡಿ ಹೇಳಕ್ಕಾಗಲ್ಲ."

ತಣ್ಣೀರಿನ ಹೊದಿಕೆಗಿಂತ ದೊಡ್ಡ ಶಾಕ್ ಇದು. ಅಷ್ಟು ಓದಿದವರು, ಹೊಗಳಿಕೆ ಬಾಗಿಲಿಗೆ ಬಂದಾಗಲೂ ಬೇಡ ಎಂದರು. ನಾಲ್ಕನೇ ಕ್ಲಾಸಿನವರೆಗೆ ಓದಿದ ನಾನು ಇಷ್ಟು ವರ್ಷ ಬೀದಿಗೆಲ್ಲ ಮದ್ದು ಹೇಳಿದೆನಲ್ಲ, ಒಂದೇ ಒಂದು ದಿನವಾದರೂ "ಗೊತ್ತಿಲ್ಲ" ಎಂದಿದ್ದೆನಾ?