ದಿಲ್ಲಿ ಬಿಟ್ಟು ಕೆಳಗಿಳಿಯದ ಕಚೇರಿ

ಹಣಕಾಸು ಸಚಿವಾಲಯಕ್ಕೆ ಸೇರಿದ ದಿನ ನನ್ನನ್ನು ಮೊದಲು ಎದುರುಗೊಂಡದ್ದು ಒಂದು ಮಂಗ್ಯಾ. ಕಾರಿಡಾರಿನ ಕಪಾಟಿನ ಮೇಲೆ ಕೂತು ಯಾರದೋ ಪರಾಠಾ ತಿನ್ನುತ್ತಿತ್ತು. ಜವಾನ ನೋಡಿಯೂ ನೋಡದಂತೆ ಹೋದ. ದೇಶದ ಬೊಕ್ಕಸವೆಂದರೆ ನೊಣಕ್ಕೂ ಪಾಸು ಕೇಳುವ ಜಾಗ ಎಂದುಕೊಂಡಿದ್ದ ನಾನು ಚೀಲ ಅವಚಿಕೊಂಡು ಗೋಡೆಗೆ ಒತ್ತಿ ನಿಂತೆ.

ನಮ್ಮ ರಾಯಬಾಗದ ಕಡೆ ಇಲಾಖೆ ಅಂದರೆ ಮೇಲಿಂದ ಕೆಳತನಕ ಒಂದೇ ಹಗ್ಗ. ಬೆಂಗಳೂರಿನಲ್ಲಿ ಮಂತ್ರಿ, ಬೆಳಗಾವಿಯಲ್ಲಿ ಡಿ.ಸಿ. ಸಾಹೇಬರು, ತಾಲೂಕಿಗೆ ತಹಶೀಲ್ದಾರ, ಊರಿಗೆ ತಲಾಠಿ. ಮುಗಳಖೋಡದಲ್ಲಿ ಸಾಲಿ ಮಾಸ್ತರನಾಗಿದ್ದ ಅಪ್ಪನಿಗೂ ಇದೇ ಲೆಕ್ಕ. ನಾನು ಪರೀಕ್ಷೆ ಪಾಸಾದಾಗ ತೆರಿಗೆ ಇನ್ಸ್‌ಪೆಕ್ಟರ್ ಕೆಲಸವೂ ಸಿಗುವಂತಿತ್ತು, ಸಚಿವಾಲಯದ ಸಹಾಯಕಿಯ ಕೆಲಸವೂ. ಅಪ್ಪ ಅಂದ, "ಮೊದಲ ಹೆಡ್ ಆಫೀಸ್ ಹಿಡಿಯವಾ. ಮ್ಯಾಲಿದ್ದಾಕಿಗೆ ಕೆಳಗ ಬರೂದು ಏನ್ ದೊಡ್ಡ ಮಾತು?"

ಒಳಗೆ ಹೋದ ಮೇಲೆ ತಿಳಿಯಿತು, ಅದು ಒಂದು ಮನೆಯಲ್ಲ, ಒಂದೇ ಹೆಸರಿನ ಐದು ಮನೆ. ಒಂದು ವಿಭಾಗ ಬಜೆಟ್ ಕಟ್ಟುತ್ತದೆ, ಕಂದಾಯ ವಿಭಾಗ ತೆರಿಗೆ ತರುತ್ತದೆ. ಬ್ಯಾಂಕು-ವಿಮೆಗೆ ಒಂದು, ಸರ್ಕಾರಿ ಕಂಪನಿಗಳ ಷೇರು ಮಾರಲಿಕ್ಕೆ ಇನ್ನೊಂದು. ನನ್ನದು ವೆಚ್ಚ ವಿಭಾಗ. ಬೇರೆ ಸಚಿವಾಲಯಗಳು ಖರ್ಚಿಗೆ ಒಪ್ಪಿಗೆ ಬೇಡಿ ಬಂದರೆ, ಯಾಕೆ ಎಂದು ಕೇಳುವುದೇ ನಮ್ಮ ಹೊಟ್ಟೆಪಾಡು.

ಇದ್ದದ್ದು ಒಂದು ಬರಸಾತಿಯಲ್ಲಿ, ಅಂದರೆ ಮಾಳಿಗೆ ಮೇಲಿನ ಒಂಟಿ ಕೋಣೆ. ಬೇಸಿಗೆಯಲ್ಲಿ ಹೆಂಚಿನ ಮೇಲೆ ಮಲಗಿದಂತೆ. ಊರಿಂದ ತಂದ ಜೋಳದ ಹಿಟ್ಟು ತೀರಿದರೆ ಫುಲ್ಕಾ, ಊದಿದರೆ ಹಾರುವಂಥದ್ದು, ಎಷ್ಟು ತಿಂದರೂ ಉಂಡಂತೆ ಅನಿಸದು. ಮರಾಠಿ ಬೆರೆತ ನನ್ನ ಹಿಂದಿಗೆ ಸೆಕ್ಷನ್ನಿನವರು ನಗುತ್ತಿದ್ದರು. ಅದೇ ಹಿಂದಿಯಲ್ಲಿ ಕಾಯಿಪಲ್ಲೆಯವನ ಜೊತೆ ಜಗಳಾಡಿ ಗೆದ್ದ ದಿನ ಮಾತ್ರ ನಾನೂ ನಕ್ಕೆ.

ಮದುವೆಯಾಯಿತು. ಗಂಡ ಅಥಣಿಯಲ್ಲಿ ಅತಿಥಿ ಉಪನ್ಯಾಸಕ. ಮಗಳು ಹುಟ್ಟಿದಳು. ರಜೆ ಮುಗಿದ ಮೇಲೆ ಆ ಕೋಣೆಯಲ್ಲಿ ಕೂಸನ್ನು ನೋಡುವವರು ಯಾರು? ಅತ್ತೆಯ ಮಡಿಲಿಗೆ ಹಾಕಿ ರೈಲು ಹತ್ತಿದೆ. ಮೀರಜ್ ದಾಟುವತನಕ ಅಳುತ್ತಲೇ ಇದ್ದೆ, ಆಮೇಲೆ ಅದಕ್ಕೂ ತ್ರಾಣ ಉಳಿಯಲಿಲ್ಲ.

ಬೆಳಗಾವಿಗೆ ವರ್ಗ ಮಾಡಿರೆಂದು ಅರ್ಜಿ ಹಾಕಿದೆ. ನಮ್ಮ ಅಧೀನ ಕಾರ್ಯದರ್ಶಿ ಕೇರಳದ ಹೆಣ್ಣುಮಗಳು. ಚಹಾ ತರಿಸಿಕೊಟ್ಟು ಮೆಲ್ಲಗೆ ಹೇಳಿದಳು: "ಕಂದಾಯ ವಿಭಾಗದ ಕಚೇರಿ ನಿಮ್ಮ ಬೆಳಗಾವಿಯಲ್ಲೂ ಇದೆ. ಆದರೆ ಅದು ತೆರಿಗೆ ಇನ್ಸ್‌ಪೆಕ್ಟರ್ ಆಗಿ ಸೇರಿದವರ ಸಾಲು, ನೀನು ಆ ಸಾಲಿನವಳಲ್ಲ. ನಿನ್ನ ನೌಕರಿ ದಿಲ್ಲಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ."

ಮತ್ತೆ ಪರೀಕ್ಷೆ ಬರೆಯಲು ವಯಸ್ಸು ಮೀರಿತ್ತು. ನೌಕರಿ ಬಿಟ್ಟರೆ ಗಂಡನ ಪಗಾರದಲ್ಲಿ ಮನೆ ನಡೆಯದು. ಸಂಕಟವಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಅಪ್ಪನಿಗೆ ಈ ಸುದ್ದಿ ಹೇಳಲೇ ಇಲ್ಲ. ಈಗಲೂ ಆತ, ಸಾಹೇಬರನ್ನು ಇನ್ನೊಮ್ಮೆ ಕೇಳು ಅನ್ನುತ್ತಾನೆ.

ಹೋದ ದೀಪಾವಳಿಗೆ ಅಥಣಿಗೆ ಹೋದೆ. ಬಂದವರಿಗೆ ಕಾಲಿಗೆ ನೀರು ಕೊಡುವುದನ್ನು ಅತ್ತೆ ಮಗಳಿಗೆ ಕಲಿಸಿದ್ದರು. ಎರಡೂ ಕೈಯಲ್ಲಿ ತಂಬಿಗೆ ಹಿಡಿದು ತಂದು ನನ್ನ ಮುಂದಿಟ್ಟಳು. ಒಳಗೆ ತಿರುಗಿ ಅಜ್ಜಿಗೆ ಹೇಳಿದಳು, "ಆಯೀ, ದಿಲ್ಲಿ ಅವ್ವ ಬಂದಾಳ."

ಅತ್ತೆ ಗದರಲು ಬಂದರು. ಬ್ಯಾಡ್ರಿ ಅಂದೆ. ಹುಡುಗಿ ಸುಳ್ಳೇನೂ ಹೇಳಿರಲಿಲ್ಲ. ನಾನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ, ಬೀಗರು ಬಂದಾಗ ಹಾಸುವ ಜಮಖಾನೆಯನ್ನು ಎಳೆದುಕೊಂಡು ಬಂದು ಪಡಸಾಲೆಯಲ್ಲಿ ಹಾಸಿದ್ದಳು. ಅದರ ಮೇಲೆಯೇ ಕೂತೆ.