ಬಾಳಿಕೆ ಬರೋ ತಂತಿ

ಗಿಟಾರ್ ಕಲಿಯೋಕೆ ಶುರು ಮಾಡಿ ತಿಂಗಳು ತುಂಬುವ ಮೊದಲೇ ತಂತಿ ಕಿತ್ತುಹೋಯಿತು. ಹೊಸದು ತರಲು ಜಯನಗರದ ಅಂಗಡಿಗೆ ಹೊರಟರೆ ಅಮ್ಮನೂ ಜೊತೆಗೆ ಬಂದಳು.

ಅಂಗಡಿಯವನು ಒಂದು ಸೆಟ್ ತಂತಿ ತೋರಿಸಿ, "ಹೊಸಬರಿಗೆ ತೆಳುವಾದ್ದೇ ಸರಿ ಮೇಡಂ, ಬೆರಳು ಅಷ್ಟು ನೋಯಲ್ಲ" ಅಂದ.

ಅಮ್ಮ ಪಾತ್ರೆಯ ತಳ ನೋಡುವ ಹಾಗೆ ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು. "ತೆಳು ಇದ್ದಿದ್ದಕ್ಕೇ ಅಲ್ವೇನಪ್ಪಾ ಹಳೇದು ಕಿತ್ತೋಗಿದ್ದು? ಇರೋದ್ರಲ್ಲೇ ದಪ್ಪದ್ದು ಕೊಡು. ಬಾಳಿಕೆ ಬರ್ಬೇಕು."

"ಆಂಟಿ, ಅದು ಕೈ ಪಳಗಿರೋರಿಗೆ..."

"ಇವಳಿಗೂ ಪಳಗುತ್ತೆ, ಕೊಡು."

ಅವನು ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

ಬೆರಳು ಉರಿದು ಎರಡನೇ ದಿನವೇ ಗಿಟಾರನ್ನು ಗೋಡೆಗೆ ನೇತುಹಾಕಿದೆ. ವರ್ಷವಾಯಿತು. ಮನೆಗೆ ಬಂದ ನೆಂಟರಿಗೆಲ್ಲ ಅಮ್ಮ ಅದನ್ನು ತೋರಿಸುತ್ತಾಳೆ: "ನಾನೇ ನಿಂತು ಕೊಡ್ಸಿದ ತಂತಿ. ಇವತ್ತಿನವರೆಗೂ ಒಂದೂ ಕಿತ್ತೋಗಿಲ್ಲ ನೋಡಿ."